ಇಂಗಳೇಶ್ವರದ ಉತಾರ, ಲಂಡನ್ನಿನ ವೀಸಾ

ಇಂಗಳೇಶ್ವರ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯುವ ಎರಡು ಕಚೇರಿಗಳು ಸಿಗುವುದು ಕಷ್ಟ. ಜಿ ಆದಮೇಲೆ ಎ ಹಾಕುವವರಿದ್ದಾರೆ, ನುಂಗುವವರಿದ್ದಾರೆ. ಎಸ್ ಮುಂದೆ ಎಚ್ ಬೇಕೋ ಬೇಡವೋ, ‘ಶ್ವ’ದ ಒತ್ತಿಗೆ ಡಬ್ಲ್ಯು ಸರಿಯೋ ವಿ ಸರಿಯೋ ಎಂಬುದು ಸಾಲಿಯಲ್ಲಿ ಹೆಸರು ಹಚ್ಚಿದ ದಿನ ಮಾಸ್ತರರ ಕೈಗೆ ಬಂದಂತೆ. ಆಧಾರ್ ಮಾಡಿಸಿದಲ್ಲಿ ಆಪರೇಟರ್ ತನಗೆ ತಿಳಿದ ಹಾಗೆ ಒತ್ತಿರುತ್ತಾನೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಅವತಾರ ಇರುತ್ತದೆ. ಊರಲ್ಲಿ ಇರುವ ತನಕ ಇದರಿಂದ ಯಾರಿಗೂ ತ್ರಾಸಿಲ್ಲ. ಯಾರ ಮಗ, ಯಾರ ಮೊಮ್ಮಗ ಎಂದು ಎಲ್ಲರಿಗೂ ಗೊತ್ತು. ಆ ಹುಡುಗ ಜರ್ಮನಿಗೋ ಇಂಗ್ಲೆಂಡಿಗೋ ಓದಲು ಹೊರಟ ದಿನ ಮಾತ್ರ ನಾಲ್ಕು ಕಾಗದಗಳಿಂದ ನಾಲ್ಕು ಮನುಷ್ಯರು ಎದ್ದು ನಿಲ್ಲುತ್ತಾರೆ.

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರ ಬಸವಣ್ಣನ ತಾಯಿಯ ತವರು. ಬಸವಣ್ಣ ಹುಟ್ಟಿದ್ದೂ ಇಲ್ಲೇ ಎಂದು ಊರವರು ನಂಬಿಕೊಂಡು ಬಂದಿದ್ದಾರೆ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಶಿಲಾಮಂಟಪ ನೋಡಲು ದೂರದೂರದವರು ಬರುತ್ತಾರೆ. ಉಳಿದಂತೆ ಸುತ್ತಲಿನ ಊರುಗಳ ಹಾಗೆ ಇದೂ ಎರಿ ಹೊಲದ ಊರು. ತೊಗರಿ, ಜೋಳ, ಕಡಲೆಯ ಮೇಲೆ ವರ್ಷ ಸಾಗುತ್ತದೆ. ಇಂಥ ಊರುಗಳಿಂದ ವಿಜಯಪುರಕ್ಕೋ ಬೆಳಗಾವಿಗೋ ಬೆಂಗಳೂರಿಗೋ ಹೋಗಿ ಪದವಿ ಮುಗಿಸಿದ ಮಕ್ಕಳು ಈಗ ಹೊರದೇಶದ ಎಂ.ಎಸ್. ಕಡೆಗೆ ಕಣ್ಣು ಹಾಯಿಸುತ್ತಿದ್ದಾರೆ. ತಯಾರಿ ಎಂದಕೂಡಲೇ ಮನೆಮಂದಿಗೆ ನೆನಪಾಗುವುದು ದೊಡ್ಡ ಬ್ಯಾಗು, ಸ್ವೆಟರು, ಶೇಂಗಾ ಹಿಂಡಿ. ಅವೆಲ್ಲ ಕೊನೆಯ ವಾರದ ಕೆಲಸ. ನನ್ನ ಎಣಿಕೆಯಲ್ಲಿ ಅಸಲು ತಯಾರಿ ಶುರುವಾಗಬೇಕಾದದ್ದು ಮನೆಯ ಟ್ರಂಕಿನಲ್ಲಿರುವ ಕಾಗದಪತ್ರಗಳಿಂದ, ಅದೂ ಎರಡು ವರ್ಷ ಮೊದಲು. ಯಾಕೆಂದರೆ ರೈತರ ಮನೆಯ ಕಾಗದಗಳು ಊರಿನ ಲೆಕ್ಕಕ್ಕೆ ಹುಟ್ಟಿದವು. ಅವನ್ನು ಓದಬೇಕಾದವರು ಮಾತ್ರ ಈ ಊರಿನ ಹೆಸರನ್ನೇ ಕೇಳದವರು.

ಹೆಸರಿನ ಗೋಜಲನ್ನೇ ಮೊದಲು ಬಿಡಿಸೋಣ. ನಮ್ಮ ಕಡೆ ಹೆಸರೆಂದರೆ ಮೂರು ತುಂಡು: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಖಾನೆ. ಇನಿಷಿಯಲ್ ಹಾಕಿ ಮುಗಿಸುವಂತಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಖಾನೆಯನ್ನು ಖಾಲಿ ಬಿಟ್ಟವರ ಪಾಡು ಬೇರೆ. ಅಮೆರಿಕದ ವೀಸಾದಲ್ಲಿ ಅವರ ಪೂರ್ತಿ ಹೆಸರು ಅಡ್ಡಹೆಸರಿನ ಜಾಗಕ್ಕೆ ಜಿಗಿದು, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಕೂಡುತ್ತವೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಮುಂದೆ ಅಲ್ಲಿನ ಬ್ಯಾಂಕು, ವಾಹನ ಪರವಾನಗಿ, ಕಾಲೇಜಿನ ಗುರುತಿನ ಚೀಟಿ ಎಲ್ಲದರಲ್ಲೂ ಅದೇ ಹೆಸರು ಬೆನ್ನು ಹತ್ತುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ ಅಂತೂ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾ ಕೊಡುವುದನ್ನೇ ನಿಲ್ಲಿಸಿತು.

ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲ ಎಂದು ಹಿಡಿದು, ಉಳಿದದ್ದೆಲ್ಲವನ್ನೂ ಅದಕ್ಕೆ ಹೊಂದಿಸುವುದು ಜಾಣತನ. ಆಧಾರ್ ತಿದ್ದುವುದು ಸುಲಭ, ಅಂಕಪಟ್ಟಿ ತಿದ್ದುವುದು ಭಾರಿ ಕೆಲಸ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಶಾಲೆಯ ದಾಖಲೆ ಹಿಡಿದು ಪರೀಕ್ಷಾ ಮಂಡಳಿಗೆ ಅಲೆಯಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಪ್ಪ ಅವ್ವನ ಹೆಸರೂ ಇದೇ ಜರಡಿಯಲ್ಲಿ ಸೋಸಿ ಬರಬೇಕು. ಇಂಗ್ಲೆಂಡಿಗೆ ಹೋಗುವವರು ತಂದೆಯ ಖಾತೆಯಲ್ಲಿರುವ ಹಣ ತೋರಿಸುವುದಾದರೆ ಆತ ತಂದೆಯೇ ಎಂಬುದಕ್ಕೆ ಜನನ ಪ್ರಮಾಣಪತ್ರ ಕೊಡಬೇಕು. ಅಲ್ಲಿ ‘ಬಸಪ್ಪ’ ಇದ್ದು ಬ್ಯಾಂಕಿನಲ್ಲಿ ‘ಬಸವರಾಜ’ ಎಂದಿದ್ದರೆ, ಇಬ್ಬರೂ ಒಬ್ಬರೇ ಎಂದು ಬಾಗೇವಾಡಿಯ ಅಂಗಡಿಸಾಲು ಪೂರ್ತಿ ಸಾಕ್ಷಿ ಹೇಳಿದರೂ ವೀಸಾ ಅಧಿಕಾರಿಗೆ ಕೇಳಿಸುವುದಿಲ್ಲ. ಅವ್ವನದು ಇನ್ನೂ ಗೋಜಲು: ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು, ಪಡಿತರ ಚೀಟಿಯಲ್ಲಿ ಮೂರನೆಯದು.

ಹುಟ್ಟಿದ ದಿನದ ಕಥೆಯೂ ಇದೇ. ಹಳೆಯ ತಲೆಮಾರಿನವರಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಸಾಲಿ ಸುರುವಾಗುವ ಹೊತ್ತಿಗೆ ವಯಸ್ಸು ಕೂಡಿಬರಲಿ ಎಂದು ಮಾಸ್ತರರು ಬರೆದುಕೊಂಡ ತಾರೀಕು ಅದು. ಅಪ್ಪಂದಿರ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಕು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಮಾತ್ರ ಪಾಸ್‌ಪೋರ್ಟ್ ಅರ್ಜಿಗೆ ಮುಂಚೆಯೇ ಅದನ್ನು ಬಗೆಹರಿಸಿಕೊಳ್ಳಬೇಕು.

ಪಾಸ್‌ಪೋರ್ಟ್ ಒಂದೇ ಈಗ ಮೊದಲಿಗಿಂತ ಹಗುರಾದದ್ದು. ಒಂದು ಕಾಲಕ್ಕೆ ಬೆಂಗಳೂರು, ಆಮೇಲೆ ಹುಬ್ಬಳ್ಳಿ ಎಂದು ಓಡಬೇಕಿತ್ತು. 2017ರ ಜನವರಿ 25ರಂದು ಮೈಸೂರಿನಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಮೇಲೆ ಆ ವ್ಯವಸ್ಥೆ ಜಿಲ್ಲೆಗಳಿಗೆ ಹಬ್ಬಿತು. ಸಾಮಾನ್ಯ ಅರ್ಜಿಗೆ 1,500 ರೂಪಾಯಿ ಶುಲ್ಕ. ಪೊಲೀಸ್ ಪರಿಶೀಲನೆಯ ದಿನ ಮನೆಯಲ್ಲಿ ಇರಬೇಕು, ಬೆಂಗಳೂರಿನ ಪಿ.ಜಿ.ಯಲ್ಲಿ ಕುಳಿತು ಊರಿನ ವಿಳಾಸ ಕೊಟ್ಟವರ ಅರ್ಜಿಗಳು ಇಲ್ಲೇ ತೊಡಕಿಗೆ ಬೀಳುವುದು.

ಉತ್ತರ ಕರ್ನಾಟಕದಿಂದ ಹೊರದೇಶಕ್ಕೆ ಓದಲು ಹೋಗುವುದು ಹೊಸ ಹುಚ್ಚು ಎನ್ನುವವರಿಗೆ ಹಳೆಯ ಲೆಕ್ಕ ಸ್ವಲ್ಪ ತೋರಿಸಬೇಕು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕುಲಪತಿಯಾಗಿ ಕಟ್ಟಿ ನಿಲ್ಲಿಸಿದವರು ಅವರೇ, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಪ್ರತಿಷ್ಠಾನದ ನೆರವಿನಿಂದ ಧಾರವಾಡದ ಯುವ ಸಂಶೋಧಕರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿಬಂದಿದ್ದಾರೆ. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಕಳಿಸಿದ್ದು ಅವರು ಕೆಲಸ ಮಾಡುತ್ತಿದ್ದ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ. ಆ ಪ್ರವಾಸದಿಂದ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ದಕ್ಕಿತು, ‘ಸಮುದ್ರಗೀತೆಗಳು’ ದಕ್ಕಿದವು. ಮುಂಬೈಯಲ್ಲಿ ಹಡಗು ಹತ್ತಿ ಏಡನ್, ಸೂಯೆಜ್ ದಾಟಿ ವಾರಗಟ್ಟಲೆ ಸಾಗುವ ಪಯಣ ಅದು. ಮನಸ್ಸು ತಯಾರಾಗಲು ಸಮುದ್ರವೇ ಸಾಕಷ್ಟು ಸಮಯ ಕೊಡುತ್ತಿತ್ತು. ಈಗ ಹೈದರಾಬಾದಿನಲ್ಲಿ ರಾತ್ರಿ ವಿಮಾನ ಹತ್ತಿದರೆ ಮರುದಿನ ಇಳಿಯುವುದು ಇನ್ನೊಂದು ಭೂಖಂಡದಲ್ಲಿ.

ಆ ಕಾಲದವರ ಹಿಂದೆ ಒಂದು ಸಂಸ್ಥೆಯೋ ಸಂಸ್ಥಾನವೋ ದತ್ತಿಯೋ ನಿಂತಿರುತ್ತಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಹೆಸರಿಗೆ ಬರೆದಿಟ್ಟರು. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟುಹಾಕಿದ್ದೂ ಇದೇ ಹುರುಪಿನಲ್ಲಿ. ಇವತ್ತು ಆ ಭಾರವನ್ನು ಬಹುತೇಕ ಒಂಟಿ ಕುಟುಂಬ ಹೊರುತ್ತದೆ, ಬ್ಯಾಂಕಿನ ಸಾಲದ ಮೂಲಕ. ಉತಾರದ, ಅಂದರೆ ಹೊಲದ ಪಹಣಿಯ, ಮಾತು ಬರುವುದು ಇಲ್ಲಿ.

ನಮ್ಮ ಕಡೆ ಆಸ್ತಿಯೆಂದರೆ ಹೊಲ. ಹತ್ತೆಕರೆ ಉತಾರ ಹಿಡಿದು ಬ್ಯಾಂಕಿಗೆ ಹೋದ ಅಪ್ಪನಿಗೆ, ‘ಹೊಲ ನಡೆಯೂದಿಲ್ರಿ, ಬೇರೆ ಏನರ ಐತೇನ್ರಿ?’ ಎಂಬ ಉತ್ತರ ಸಿಕ್ಕಾಗ ಆಗುವ ಅಪಮಾನ ಸಣ್ಣದಲ್ಲ. ಕಾರಣ ಮ್ಯಾನೇಜರರ ಕೊಂಕಲ್ಲ, ಕಾಯ್ದೆ. ಸಾಲ ತೀರದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತದೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಬ್ಯಾಂಕಿಗೆ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಕೃಷಿ ಜಮೀನನ್ನು ಆ ಕಾಯ್ದೆಯೇ ಹೊರಗಿಟ್ಟಿದೆ. ರೈತನ ಹೊಲವನ್ನು ಉಳಿಸಲೆಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ರೈತನ ಮಗನ ಶಿಕ್ಷಣ ಸಾಲಕ್ಕೆ ಅದೇ ಅಡ್ಡ ಬರುತ್ತದೆ ಎಂದು ಆಗ ಯಾರೂ ಯೋಚಿಸಿರಲಿಕ್ಕಿಲ್ಲ.

ಹೊಲ ಬಿಟ್ಟರೆ ಉಳಿಯುವುದು ಮನೆ, ಪ್ಲಾಟು. ಊರಿನ ಹಳೆ ಮನೆಗೆ ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು. ಅದಾಗಬೇಕಾದರೆ ಮನೆ ಯಾರ ಹೆಸರಿಗಿದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದೆ. ವಾರಸಾ ಹಚ್ಚಿಲ್ಲ, ಕಾಕಾಗಳ ನಡುವೆ ವಾಟ್ನಿ, ಅಂದರೆ ಪಾಲು, ಆಗಿಲ್ಲ. ಮಗಳ ಎಂ.ಎಸ್. ಸೀಟಿನ ನೆಪದಲ್ಲಿ ಇಪ್ಪತ್ತು ವರ್ಷದ ವಾಟ್ನಿ ಮಾತಿಗೆ ಬಂದು, ಅಣ್ಣತಮ್ಮಂದಿರು ಮಾತು ಬಿಡುವ ಅಪಾಯವೂ ಇದೆ. ಬಾಗೇವಾಡಿಯಲ್ಲೋ ವಿಜಯಪುರದಲ್ಲೋ ಎನ್.ಎ. (ಕೃಷಿಯೇತರ) ಆದ ಪ್ಲಾಟು ಇದ್ದವರು ಪಾರು. ಇಲ್ಲದವರು ಸೋದರಮಾವನ ಪ್ಲಾಟಿಗೆ ಕೈ ಚಾಚುತ್ತಾರೆ. ಮಾವ ಒಪ್ಪಿದರೂ ಅತ್ತೆ ಒಪ್ಪಬೇಕು!

ಬ್ಯಾಂಕುಗಳ ಸಂಘ ಹಾಕಿಕೊಟ್ಟ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿ ತನಕ ಅಡವು ಕೇಳುವಂತಿಲ್ಲ. ಹೊರದೇಶದ ಓದಿಗೆ ಅದು ಎಲ್ಲಿಗೂ ಸಾಲದು. ಅದರ ಮೇಲೆ ಹೋದರೆ ಅಡವು ಬೇಕು, ಒಟ್ಟು ವೆಚ್ಚದ ಶೇ 15ರಷ್ಟನ್ನು ಕುಟುಂಬ ಕೈಯಿಂದ ಹಾಕಬೇಕು. ತಾವೇ ಪಟ್ಟಿ ಮಾಡಿಕೊಂಡ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಅಡವಿಲ್ಲದೆ ದೊಡ್ಡ ಮೊತ್ತ ಕೊಡುವ ಬ್ಯಾಂಕುಗಳೂ ಇವೆ. ಹಾಗಾಗಿ ಸೀಟು ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಸಾಲ ನಿಂತಿರುತ್ತದೆ, ಸಾಲ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಸೀಟು. ಎರಡನ್ನೂ ಒಟ್ಟಿಗೇ ಹುಡುಕಬೇಕು. ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ತಿಳಿಯುವವರಿದ್ದಾರೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಆ ಹೊತ್ತಿನಲ್ಲೇ ಬಡ್ಡಿಯನ್ನಷ್ಟಾದರೂ ಕಟ್ಟುತ್ತ ಹೋದರೆ ಮುಂದೆ ಉಸಿರಾಡಬಹುದು.

ಇನ್ನೊಂದು ಪೇಚು ಆದಾಯದ ಪುರಾವೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ರೈತನ ಹತ್ತಿರ ರಿಟರ್ನ್ಸ್ ಇಲ್ಲ, ಸಂಬಳದ ಚೀಟಿಯಂತೂ ಇಲ್ಲವೇ ಇಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ತೊಗರಿ ಮಾರಿದರೂ ಕಾಗದದ ಮೇಲೆ ಆತ ಬರಿಗೈ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ, ಪಡಿತರ ಚೀಟಿಯ ಭಯಕ್ಕೆ, ಮೊತ್ತವನ್ನು ಕಡಿಮೆ ಬರೆಸಿರುತ್ತೇವೆ. ಅದೇ ಕೈಯಿಂದ ವೀಸಾ ಅರ್ಜಿಯಲ್ಲಿ ಮೂವತ್ತು ಲಕ್ಷ ಖರ್ಚು ಹೊರುತ್ತೇನೆ ಎಂದು ಬರೆದರೆ ಎದುರಿಗೆ ಕುಳಿತವನು ಯಾವುದನ್ನು ನಂಬಬೇಕು? ಎ.ಪಿ.ಎಂ.ಸಿ. ಅಡತಿಯ ಪಟ್ಟಿಗಳನ್ನು ಚೂರುಪಾರು ಎಂದು ಎಸೆಯದೆ ಎರಡು ಮೂರು ವರ್ಷ ಕೂಡಿಡಬೇಕು, ಮಾಲಿನ ದುಡ್ಡನ್ನು ನಗದಾಗಿ ತರದೆ ಖಾತೆಗೆ ಹಾಕಿಸಬೇಕು. ಉತಾರದಲ್ಲಿ ತೀರಿದ ಸೊಸೈಟಿ ಸಾಲದ ಬೋಜಾ ಹಾಗೇ ಉಳಿದಿದ್ದರೆ ಅದನ್ನೂ ಕಡಿಮೆ ಮಾಡಿಸಬೇಕು.

ದುಡ್ಡು ಎಲ್ಲಿ ಇದೆ ಎಂಬುದಕ್ಕೂ ಲೆಕ್ಕವಿದೆ. ಬ್ರಿಟನ್ನಿನ ನಿಯಮದಂತೆ ಮೊದಲ ವರ್ಷದ ಶುಲ್ಕ ಮತ್ತು ಒಂಬತ್ತು ತಿಂಗಳವರೆಗಿನ ಜೀವನವೆಚ್ಚ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಅರ್ಜಿ ಬಿತ್ತು. ಬಂಗಾರ ಲೆಕ್ಕಕ್ಕಿಲ್ಲ. ನಮ್ಮ ಕಡೆಯ ಪತ್ತಿನ ಸಹಕಾರಿ ಸಂಘಗಳಲ್ಲಿ ಇಟ್ಟ ಠೇವಣಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಇಡದ, ಅವರು ವಿಚಾರಿಸಿದರೆ ಖಚಿತಪಡಿಸಲಾಗದ ಸಂಸ್ಥೆಯ ಕಾಗದ ಅವರಿಗೆ ಬೇಡ. ಬಡ್ಡಿ ಹೆಚ್ಚು ಎಂದು ಅಲ್ಲಿಟ್ಟ ದುಡ್ಡನ್ನು ಬ್ಯಾಂಕಿಗೆ ತರಲು ವಾಯಿದೆ ಮುಗಿಯಬೇಕು, ಅದಕ್ಕೂ ಮೊದಲೇ ಯೋಚಿಸಬೇಕು. ತೊಗರಿಯ ದುಡ್ಡು ಕೈಗೆ ಬರುವುದು ಜನವರಿ, ಫೆಬ್ರುವರಿಗೆ. ವೀಸಾದವರು ಕೇಳುವುದು ಜೂನ್, ಜುಲೈಯಲ್ಲಿ, ಅಂದರೆ ಬೀಜ ಗೊಬ್ಬರಕ್ಕೆ ಕೈ ಖಾಲಿಯಾಗಿರುವ ಹೊತ್ತಿನಲ್ಲಿ. ನಾಲ್ಕು ವಾರದ ಮಟ್ಟಿಗೆ ಬಡ್ಡಿಗೆ ದುಡ್ಡು ತಂದು ಖಾತೆಯಲ್ಲಿ ತೋರಿಸಿ ವಾಪಸು ಕೊಡುವ ಆಟ ಕೆಲವರು ಆಡುತ್ತಾರೆ. ವೀಸಾ ಸಿಕ್ಕರೂ ಅಲ್ಲಿ ಹೋದ ಮೂರನೇ ತಿಂಗಳಿಗೆ ಬಾಡಿಗೆಗೆ ದುಡ್ಡಿಲ್ಲದೆ ಹುಡುಗ ಒದ್ದಾಡುತ್ತಾನೆ. ಓದುವ ಹೊತ್ತಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅಲ್ಲಿ ಅನುಮತಿಯೂ ಇಲ್ಲ.

ಮೊತ್ತಗಳು ನಿಂತಲ್ಲಿ ನಿಲ್ಲುವುದಿಲ್ಲ. ಜರ್ಮನಿಗೆ ಹೋಗುವವರು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಲ್ಲಿ 11,208 ಯೂರೊದಿಂದ 11,904ಕ್ಕೆ ಏರಿತು. ಯೂರೊಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಕೆನಡಾ 2024ರ ಜನವರಿಯಲ್ಲಿ ಹತ್ತು ಸಾವಿರ ಡಾಲರ್ ಇದ್ದದ್ದನ್ನು ಒಂದೇ ಏಟಿಗೆ 20,635 ಮಾಡಿತು. ಲಂಡನ್ನಿನ ತಿಂಗಳ ಖರ್ಚಿಗೆ 1,334 ಪೌಂಡ್ ಸಾಕಿತ್ತು, 2025ರ ಜನವರಿ ಹೊತ್ತಿಗೆ 1,483 ಬೇಕಾಯಿತು. ಬ್ರಿಟನ್ನಿನ ಆರೋಗ್ಯ ಶುಲ್ಕವೇ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಹಿಂದಿನ ವರ್ಷ ಹೋದ ಗೆಳೆಯನ ಲೆಕ್ಕ ಕೇಳಿ ದುಡ್ಡು ಹೊಂದಿಸಿದವರು ಪೇಚಿಗೆ ಬೀಳುವುದು ಇದಕ್ಕೇ. ಆಯಾ ಸರ್ಕಾರದ ಅಧಿಕೃತ ಜಾಲತಾಣವನ್ನು ಅರ್ಜಿ ಹಾಕುವ ವಾರ ಮತ್ತೊಮ್ಮೆ ನೋಡಲೇಬೇಕು.

ಸರ್ಕಾರದ ನೆರವು ಇಲ್ಲವೆಂದಲ್ಲ, ಅದು ಊರಿನ ತನಕ ಸುದ್ದಿಯಾಗಿ ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ಕುಟುಂಬದ ವರಮಾನ ನೋಡಿ ವೆಚ್ಚ ಭರಿಸುತ್ತದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಷ್ಟು ಹಳೆಯದು. ಪರಿಶಿಷ್ಟ ಜಾತಿಯವರ ಜತೆಗೆ ಭೂಮಿಯಿಲ್ಲದ ಕೃಷಿ ಕೂಲಿಕಾರರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಜಾಗವಿದೆ ಎಂಬುದು ಎಷ್ಟು ಕೂಲಿ ಮನೆಗಳಿಗೆ ಗೊತ್ತು? ಹಿಂದುಳಿದ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಂಥ ಕಡೆಗಳಲ್ಲೂ ವಿದೇಶ ವ್ಯಾಸಂಗಕ್ಕೆ ನೆರವೋ ಸಾಲವೋ ಉಂಟು. ಇವುಗಳ ಅರ್ಜಿಗೆ ಸೀಟಿನ ಪತ್ರ ಮೊದಲು ಬೇಕಾಗಬಹುದು. ಕೊನೆ ತಾರೀಕು ಸೀಟಿನ ತಾರೀಕಿಗೆ ಹೊಂದುವುದೂ ಅಪರೂಪ. ವಿಜಯಪುರದ ಜಿಲ್ಲಾ ಕಚೇರಿಗೆ ಹೋಗಿ ಬಾಯಿಬಿಟ್ಟು ಕೇಳುವುದೇ ದಾರಿ.

ಇಂಗ್ಲಿಷಿನ ಹೆದರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷದ ಆಯುಷ್ಯ, ಅದಕ್ಕೆ ತಕ್ಕಂತೆ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಓದುವುದು, ಬರೆಯುವುದಕ್ಕಿಂತ ಕೇಳಿ ತಿಳಿಯುವುದು ಕಠಿಣ; ದಿನಾ ಒಂದು ಗಂಟೆ ಕಿವಿಗೆ ಕೆಲಸ ಕೊಟ್ಟರೆ ಆರು ತಿಂಗಳಲ್ಲಿ ಪಳಗುತ್ತದೆ. ನನಗೆ ಹೆಚ್ಚು ಸಿಟ್ಟು ತರಿಸುವುದು ಯಾಕೆ ಓದಬೇಕೆಂದು ಬರೆದು ಕಳಿಸುವ ಎಸ್.ಒ.ಪಿ. ಏಜೆಂಟರ ಅಂಗಡಿಯಿಂದ ಹೊರಡುವ ಈ ಪತ್ರಗಳಲ್ಲಿ ಎಲ್ಲ ಹುಡುಗರೂ ಬಾಲ್ಯದಿಂದಲೇ ಕಂಪ್ಯೂಟರಿನ ಮೋಹಕ್ಕೆ ಸಿಕ್ಕವರು, ಎಲ್ಲರೂ ಜಗತ್ತನ್ನು ಬದಲಿಸುವವರು. ಪ್ರವೇಶ ಸಮಿತಿಯವರು ಇಂಥವನ್ನು ಸಾಕುಸಾಕೆನ್ನುವಷ್ಟು ಓದಿರುತ್ತಾರೆ. ಬಾಗೇವಾಡಿ ಸೀಮೆಯ ಹುಡುಗನಿಗೆ ಬರೆಯಲು ಏನು ಕಡಿಮೆ? ಸಿವಿಲ್ ಓದಿದವನ ಕಣ್ಣೆದುರೇ ಆಲಮಟ್ಟಿ ಅಣೆಕಟ್ಟಿದೆ. 519.6 ಮೀಟರಿನ ನೀರಿನ ಮಟ್ಟವನ್ನು 524.256ಕ್ಕೆ ಏರಿಸಿದರೆ ಎಷ್ಟು ಊರು ಮುಳುಗುತ್ತವೆ ಎಂಬುದು ಆತನ ಬೀಗರ ಮನೆಯ ಮಾತು. ಮುಳವಾಡ ಏತ ನೀರಾವರಿಯ ಕಾಲುವೆ ಬಂದ ಮೇಲೆ ಬಾವಿಯ ನೀರು ಏನಾಯಿತು, ಡೋಣಿ ಹೊಳೆ ಪ್ರತಿ ಸಲ ದಂಡೆ ಮೀರಿದಾಗ ಹೊಲದ ಮಣ್ಣು ಏನಾಯಿತು ಎಂದು ಆತ ನೋಡಿಯೇ ಬೆಳೆದಿದ್ದಾನೆ. ಕೃಷಿ ಓದಿದವಳಿಗೆ ತೊಗರಿಯ ನೆಟೆರೋಗವಿದೆ, ರಫ್ತಿಗೆ ಹೋಗುವ ದ್ರಾಕ್ಷಿಯಲ್ಲಿ ಉಳಿಯುವ ಔಷಧದ ಅಂಶವಿದೆ. ಇದನ್ನು ಸರಳ ಇಂಗ್ಲಿಷಿನಲ್ಲಿ, ತಪ್ಪೊಪ್ಪುಗಳ ಸಮೇತ, ತಾನೇ ಬರೆದರೆ ಸಾಕು. ಅದನ್ನು ಇನ್ನೊಬ್ಬ ಬರೆಯಲಾರ.

ಏಜೆಂಟರೆಲ್ಲ ಕೆಟ್ಟವರೆಂದಲ್ಲ. ವಿಶ್ವವಿದ್ಯಾಲಯ ಕೊಡುವ ಕಮಿಷನ್ನಿನ ಮೇಲೆ ಬದುಕುವವರು ಕಮಿಷನ್ ಕೊಡದ ಒಳ್ಳೆಯ ಕಾಲೇಜಿನ ಹೆಸರು ಹೇಳುವುದು ಕಡಿಮೆ ಎಂಬುದನ್ನು ಮರೆಯದಿದ್ದರಾಯಿತು. 2023ರಲ್ಲಿ ಪಂಜಾಬಿನಿಂದ ಕೆನಡಾಕ್ಕೆ ಹೋಗಿದ್ದ ನೂರಾರು ವಿದ್ಯಾರ್ಥಿಗಳಿಗೆ ಗಡೀಪಾರಿನ ಭೀತಿ ಎದುರಾಯಿತು. ಏಜೆಂಟ್ ಕೊಟ್ಟ ಪ್ರವೇಶ ಪತ್ರಗಳೇ ನಕಲಿ ಎಂದು ವರ್ಷಗಳ ನಂತರ ಬಯಲಾಗಿತ್ತು. ಸೀಟಿನ ಪತ್ರ ಬಂದಕೂಡಲೇ ಆ ವಿಶ್ವವಿದ್ಯಾಲಯಕ್ಕೇ ಒಂದು ಮಿಂಚಂಚೆ ಹಾಕಿ ‘ಇದು ನಿಮ್ಮದೇನಾ?’ ಎಂದು ಕೇಳಲು ದುಡ್ಡು ಬೇಕಿಲ್ಲ.

ವೈದ್ಯಕೀಯ ಓದಿಗೆ ಹೋಗುವವರು ಇನ್ನೂ ಎಚ್ಚರವಿರಬೇಕು. 2021ರ ನವೆಂಬರ್‌ನಲ್ಲಿ ಬಂದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷಿನಲ್ಲಿ ಇರಬೇಕು, ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿಗೆ ಬಂದು ವೈದ್ಯರಾಗುವಂತಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯನ್ನು ಈ ಭಾಗದ ಅಪ್ಪ ಅವ್ವಂದಿರು ಮರೆತಿಲ್ಲ. ಯುದ್ಧವನ್ನು ಯಾರೂ ಮುಂಗಾಣಲಾರರು. ಹೋದ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಫೋನು, ವಿಳಾಸ ನೋಂದಾಯಿಸುವುದು ಮಾತ್ರ ಎಲ್ಲರ ಕೈಯಲ್ಲಿದೆ, ಆದರೂ ಬಹಳಷ್ಟು ಮಂದಿ ಅದನ್ನು ಮಾಡುವುದಿಲ್ಲ.

ವೀಸಾದ ಬಾಗಿಲುಗಳು ಒಂದೊಂದು ದೇಶಕ್ಕೆ ಒಂದೊಂದು. ಜರ್ಮನಿಗೆ 2022ರ ನವೆಂಬರ್‌ನಿಂದ ಎ.ಪಿ.ಎಸ್. ಎಂಬ ಪ್ರಮಾಣಪತ್ರ ಕಡ್ಡಾಯವಾಯಿತು; ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಅದಕ್ಕೆ ಶುಲ್ಕವೇ 18,000 ರೂಪಾಯಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದು ಪುಕ್ಕಟೆ ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿತು. ಬ್ರಿಟನ್ನಿಗೆ ಹೋಗುವವರು ಅವರು ಒಪ್ಪಿದ ಆಸ್ಪತ್ರೆಯಲ್ಲೇ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು. ಅಮೆರಿಕದವರು ಎದುರು ನಿಲ್ಲಿಸಿಕೊಂಡು ಮಾತಾಡಿಸುತ್ತಾರೆ, ಅದೂ ಎರಡು ಮೂರು ನಿಮಿಷ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಕೆಲಸ ಅಲ್ಲಿ ಆರಂಭವಾಗಲಿಲ್ಲ. ನಮ್ಮವರು ನೋಡುವುದು ಹೈದರಾಬಾದಿನ ಕಡೆ. ಓದು ಮುಗಿಸಿ ಮರಳುತ್ತೀಯಾ ಎಂಬ ಅನುಮಾನದ ಮೇಲೆಯೇ ಅಮೆರಿಕದ ವೀಸಾ ಕಾನೂನು ನಿಂತಿದೆ. ಉರು ಹೊಡೆದ ಉತ್ತರಕ್ಕಿಂತ, ಅಪ್ಪ ಏನು ಮಾಡುತ್ತಾನೆ ಎಂದರೆ ‘ಒಕ್ಕಲುತನ, ಇಷ್ಟು ಎಕರೆ, ಇಷ್ಟು ಸಾಲ’ ಎಂದು ನೇರ ಹೇಳುವುದು ಮೇಲು.

ಇನ್ನು ಬ್ಯಾಗು. ಅವ್ವನ ಪ್ರಶ್ನೆ ಒಂದೇ: ‘ಅಲ್ಲಿ ಊಟಕ್ಕ ಏನ್ ಮಾಡ್ತೀಯೋ ತಮ್ಮಾ?’ ಖಡಕ್ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ತಿಂಗಳೊಪ್ಪತ್ತು ಬಾಳುತ್ತವೆ, ಒಯ್ಯಬಹುದು. ತುಪ್ಪ, ಪೇಢೆಯಂಥ ಹಾಲಿನ ಪದಾರ್ಥವನ್ನು ಬ್ರಿಟನ್ ಮತ್ತು ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲ, ಮನೆಯ ತುಪ್ಪದಲ್ಲಿ ಮುಳುಗಿಸಿದ ಹೋಳಿಗೆಗೆ ಇಲ್ಲೇ ಶರಣು ಹೇಳಬೇಕು. ಖಾರದ ಪುಡಿ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವುದು ಏನೇ ಇದ್ದರೂ ಕಾಗದದಲ್ಲಿ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ದಂಡ. ಹುಡುಗರಿಗೆ ರೊಟ್ಟಿ ಬಡಿಯಲು ಕಲಿಸುವುದು ಒಂದು ತಿಂಗಳಲ್ಲಿ ಆಗುವ ಮಾತಲ್ಲ; ಅನ್ನ, ಬ್ಯಾಳಿ, ಝುಣಕ ಬಂದರೆ ಬದುಕಿದ. ಹಲ್ಲು, ಕಣ್ಣು ತೋರಿಸಿ ಕನ್ನಡಕ ಎರಡು ಜೊತೆ ಮಾಡಿಸಿಕೊಳ್ಳುವುದು ಸ್ವೆಟರಿಗಿಂತ ಮುಖ್ಯ. ದಪ್ಪ ಕೋಟನ್ನು ಅಲ್ಲೇ ಹಳೆ ಬಟ್ಟೆಯ ಅಂಗಡಿಯಲ್ಲಿ ಕೊಳ್ಳುವುದು ಲೇಸು. ನಲವತ್ತು ಡಿಗ್ರಿಯ ವಿಜಯಪುರದಲ್ಲಿ ನಿಂತು ಲಂಡನ್ನಿನ ಚಳಿಯನ್ನು ಅಳೆಯಲು ಬರುವುದಿಲ್ಲ.

ಲಂಡನ್ನಿಗೆ ಹೋದ ಇಲ್ಲಿನ ಮಕ್ಕಳು ಮೊದಲ ವಾರವೇ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ ಬಸವಣ್ಣನ ಪ್ರತಿಮೆಯ ಮುಂದೆ ಫೋಟೊ ತೆಗೆಸಿ ಊರಿನ ಗ್ರೂಪಿಗೆ ಹಾಕುತ್ತಾರೆ. 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ ಆ ಪ್ರತಿಮೆಯ ಹಿಂದಿದ್ದವರು ಕಲಬುರ್ಗಿ ಕಡೆಯ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ. ಫೋಟೊ ಬರಲಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ತಲೆಯ ಮೇಲೊಂದು ಸೂರು ಬೇಕು. ಮುಂಗಡ ಕಳಿಸಿ ಬಾಡಿಗೆ ರೂಮು ಹಿಡಿದು, ಇಳಿದ ಮೇಲೆ ಅಂಥ ಮನೆಯೇ ಇಲ್ಲವೆಂದು ತಿಳಿಯುವ ಮೋಸ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಮೊದಲ ತಿಂಗಳಿಗೆ ವಿಶ್ವವಿದ್ಯಾಲಯದ ವಸತಿಗೃಹವೇ ಕ್ಷೇಮ, ದುಬಾರಿಯಾದರೂ ಸರಿ. 1983ರಿಂದ ಇರುವ ಕನ್ನಡ ಬಳಗ ಯು.ಕೆ.ಯಂಥ ಸಂಘದವರು ಇಂಥ ಹೊತ್ತಿನಲ್ಲಿ ದಾರಿ ತೋರಿಸಬಲ್ಲರು.

ಮನೆಯಲ್ಲಿ ಉಳಿಯುವವರ ತಯಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲದ ಸಹಿ ಅಪ್ಪನದು. ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ಸು ಓದಿ ಹೇಳುವವರು ಮನೆಯಲ್ಲಿ ಒಬ್ಬರು ಬೇಕು. ಪ್ರತಿ ಸೆಮಿಸ್ಟರಿಗೆ ಶುಲ್ಕ ಕಳಿಸುವಾಗ ಯಾವ ಫಾರ್ಮಿಗೆ ಎಲ್ಲಿ ಸಹಿ ಹಾಕಬೇಕು ಎಂದು ಹೊರಡುವ ಮೊದಲೇ ಶಾಖೆಗೆ ಕರೆದೊಯ್ದು ತೋರಿಸಿರಬೇಕು. ಸಾಲದಿಂದ ಕಟ್ಟುವ ಶುಲ್ಕಕ್ಕೆ 2025ರ ಏಪ್ರಿಲ್‌ನಿಂದ ಟಿ.ಸಿ.ಎಸ್. (ಮೂಲದಲ್ಲೇ ವಸೂಲಾಗುವ ತೆರಿಗೆ) ಹಿಡಿಯುವಂತಿಲ್ಲ ಎಂಬುದೂ ಅವರಿಗೆ ತಿಳಿದಿರಲಿ. ಪದವಿಯ ಘಟಿಕೋತ್ಸವ ಪ್ರಮಾಣಪತ್ರ ಕೈಗೆ ಬರುವ ಮೊದಲೇ ವಿಮಾನ ಹತ್ತುವವರು ಹೆಚ್ಚು. ಬೆಳಗಾವಿಗೆ ಹೋಗಿ ಅದನ್ನು ತರಲು ತಮ್ಮನೋ ತಂಗಿಯೋ ಹೊರಟರೆ ವಿಶ್ವವಿದ್ಯಾಲಯದವರು ಅಧಿಕಾರ ಪತ್ರ ಕೇಳುತ್ತಾರೆ. ಆ ಪತ್ರ ಬರೆದು ಸಹಿ ಮಾಡಿ, ಗುರುತಿನ ಚೀಟಿಯ ನಕಲು ಹಚ್ಚಿ, ಪಾಸ್‌ಪೋರ್ಟ್, ವೀಸಾ, ಅಂಕಪಟ್ಟಿ, ಸಾಲದ ಕಾಗದ ಎಲ್ಲದರ ಝೆರಾಕ್ಸ್ ಒಂದು ಕಟ್ಟು ಮಾಡಿ ಟ್ರಂಕಿನಲ್ಲಿ ಇಟ್ಟು ಹೋಗಬೇಕು. ಮೇಲೆ ಹೆಸರು ಬರೆಯುವಾಗ ಪಾಸ್‌ಪೋರ್ಟಿನಲ್ಲಿರುವ ಸ್ಪೆಲ್ಲಿಂಗನ್ನೇ ಬರೆಯಿರಿ. ತಮ್ಮ ಅದನ್ನೇ ನೋಡಿ ಅರ್ಜಿ ತುಂಬುತ್ತಾನೆ.